ಒಂದು ಜಾಗಕ್ಕೆ ಒಂದೇ ಬಣ್ಣ

ನಗರ ಯೋಜನೆಯ ಕಚೇರಿಗೆ ಸೇರಿದವರಿಗೆ ಮೊದಲ ದಿನ ಕಲಿಸುವುದು ಬಣ್ಣ. ಜನ ವಾಸ ಮಾಡುವ ಜಾಗಕ್ಕೆ ಹಳದಿ, ಅಂಗಡಿ ಮುಂಗಟ್ಟಿಗೆ ನೀಲಿ, ಕಾರ್ಖಾನೆಗೆ ನೇರಳೆ, ಶಾಲೆ ಆಸ್ಪತ್ರೆಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು. ನಾನು ಸೇರಿದಾಗ ಕೈಗೆ ಬಣ್ಣದ ಪೆನ್ಸಿಲ್ಲಿನ ಡಬ್ಬಿ ಕೊಟ್ಟಿದ್ದರು, ಈಗ ನಿಮಗೆ ಕಂಪ್ಯೂಟರ್ ಕೊಡುತ್ತಾರೆ. ಬಣ್ಣಗಳು ಮಾತ್ರ ಅವೇ. ನಿವೃತ್ತನಾಗಿ ಆರು ವರ್ಷವಾಯಿತು. ಈಗಲೂ ಯಾರದಾದರೂ ಮನೆಗೆ ಊಟಕ್ಕೆ ಹೋದರೆ, ಎಲೆಯ ಮುಂದೆ ಕೂರುವ ಮೊದಲೇ ನನ್ನ ಮನಸ್ಸು ಆ ಮನೆಗೆ ಹಳದಿ ಬಳಿದು ಮುಗಿಸಿರುತ್ತದೆ.

ಹೋದ ತಿಂಗಳು ಹಳೆಯ ಕಚೇರಿಯವರು ಕರೆದು, ಹೊಸದಾಗಿ ಸೇರಿರುವ ಹುಡುಗ ಹುಡುಗಿಯರಿಗೆ ಆದರ್ಶ ನಗರದ ಕಲ್ಪನೆಗಳ ಬಗ್ಗೆ ಒಂದು ಗಂಟೆ ಮಾತಾಡಿ ಎಂದರು. ಮಾತಾಡಿದೆ. ಪರದೆಯ ಮೇಲೆ ಚೆಂದದ ಚಿತ್ರಗಳನ್ನು ತೋರಿಸಿದೆ, ಎರಡು ಹಾಸ್ಯ ಮಾಡಿದೆ, ಶಾಲು ಹೊದಿಸಿಕೊಂಡು ಬಂದೆ. ಹೇಳಬೇಕಾಗಿದ್ದ ಒಂದೇ ಒಂದು ಸಂಗತಿಯನ್ನು ಹೇಳಲಿಲ್ಲ. ನಾಚಿಕೆ ಅಡ್ಡ ಬಂತು. ಅದನ್ನು ಆ ಮಕ್ಕಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಮಂತ್ರಿ ಬೆನ್ನು ತಟ್ಟಿದರು ಎಂಬುದೆಲ್ಲ ನಿಮಗೆ ಬೇಕಿಲ್ಲ, ನನಗೂ ಬೇಕಿಲ್ಲ.

ಹೆಬ್ಬೂರಿನಿಂದ ಬಸ್ಸಿನಲ್ಲಿ ಓಡಾಡಿಕೊಂಡು ಡಿಪ್ಲೊಮಾ ಮುಗಿಸಿದವನು ನಾನು. ಮೊದಲು ನನ್ನನ್ನು ಹಾಕಿದ್ದು ಗುಬ್ಬಿ ಪೇಟೆಯ ಸರ್ವೆಗೆ. ಪ್ರತಿ ಮನೆಯ ಮುಂದೆ ನಿಂತು, ಆ ಮನೆ ಯಾವುದಕ್ಕೆ ಬಳಕೆಯಾಗುತ್ತಿದೆ ಎಂದು ನೋಡಿ, ನಕ್ಷೆಯಲ್ಲಿ ಬಣ್ಣ ತುಂಬಬೇಕು. ಮೊದಲ ಬೀದಿಯಲ್ಲೇ ಸಿಕ್ಕಿಬಿದ್ದೆ. ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆ. ಜಗಲಿಯ ಮೇಲೆ ತಕ್ಕಡಿ, ನಡುಮನೆಯಲ್ಲಿ ತೊಟ್ಟಿಲು, ಅಟ್ಟದ ಮೇಲೆ ಕೊಬ್ಬರಿ, ಹಿತ್ತಲಲ್ಲಿ ಹಗ್ಗ ಹೊಸೆಯುವ ಇಬ್ಬರು ಹೆಂಗಸರು. ಹಳದಿಯೋ, ನೀಲಿಯೋ, ನೇರಳೆಯೋ? ನನ್ನ ಜೊತೆಗಿದ್ದ ಹಿರಿಯ ಸರ್ವೇಯರ್ ಬೀಡಿ ಆರಿಸಿ ಹೇಳಿದರು: "ಏನ್ಲಾ, ಇಷ್ಟೊತ್ತು ಒಂದ್ ಮನೆ ಮುಂದೆ? ಬೀದಿ ಕಡೆ ಏನ್ ಕಾಣುತ್ತೋ ಅದನ್ನ ಹಾಕು. ಒಂದ್ ಜಾಗಕ್ಕೆ ಒಂದೇ ಬಣ್ಣ ಕಣೋ. ಒಳಗಡೆ ಹೋಗಿ ನೋಡಿದ್ರೆ ಈ ಜನ್ಮದಲ್ಲಿ ಮುಗಿಯಲ್ಲ."

ನೀಲಿ ಹಾಕಿದೆ. ಹೀಗೆ ಕಾಗದದ ಮೇಲೆ ತೊಟ್ಟಿಲು, ಹಗ್ಗ, ಅಟ್ಟ ಎಲ್ಲ ಮಾಯವಾದವು. ಸಂಜೆಗೆ ನನ್ನ ಹಾಳೆ ಎಷ್ಟು ಶುಚಿಯಾಗಿ ಕಂಡಿತೆಂದರೆ, ಬಸ್ಸಿನಲ್ಲಿ ಅದನ್ನು ಎರಡು ಸಲ ಬಿಚ್ಚಿ ನೋಡಿಕೊಂಡೆ.

ಆ ಶುಚಿಯ ರುಚಿ ಹತ್ತಿಸಿದವರು ನಮ್ಮ ಮೇಲಧಿಕಾರಿ ಶ್ರೀಕಂಠಯ್ಯ ಸಾಹೇಬರು. ದೆಹಲಿಯಲ್ಲಿ ಓದಿ ಬಂದವರು. ಅವರ ಬಗ್ಗೆ ಕೆಟ್ಟದಾಗಿ ಬರೆಯಲು ನನ್ನಿಂದಾಗದು. ಯಾರಿಂದಲೂ ಒಂದು ತೆಂಗಿನಕಾಯಿಯನ್ನೂ ಮುಟ್ಟಿದವರಲ್ಲ. ಮಧ್ಯಾಹ್ನದ ಊಟವಾದ ಮೇಲೆ ನಮ್ಮನ್ನು ಸುತ್ತ ಕೂರಿಸಿಕೊಂಡು ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳ ಕಥೆ ಹೇಳುತ್ತಿದ್ದರು. ಪ್ಯಾರಿಸ್ಸಿನ ಹಳೆಯ ಗಲ್ಲಿಗಳನ್ನು ಒಡೆದುಹಾಕಿ, ಸಾಲಾಗಿ ಗೋಪುರ ನಿಲ್ಲಿಸಿ, ನಡುವೆಲ್ಲ ಹುಲ್ಲು ಬೆಳೆಸಬೇಕೆಂದ ಒಬ್ಬರ ಕನಸು. ದಕ್ಷಿಣ ಅಮೆರಿಕದ ಬಯಲಿನಲ್ಲಿ ಕಟ್ಟಿದ, ಆಕಾಶದಿಂದ ನೋಡಿದರೆ ವಿಮಾನದಂತೆ ಕಾಣುವ ಒಂದು ರಾಜಧಾನಿ. ಆ ಚಿತ್ರಗಳಿದ್ದ ಪುಸ್ತಕಗಳನ್ನು ಮುಟ್ಟುವ ಮೊದಲು ಸಾಹೇಬರು ಕೈ ತೊಳೆದುಕೊಳ್ಳುತ್ತಿದ್ದರು. "ಮನುಷ್ಯ ಮಾಡೋದು ನಾಲ್ಕೇ ಕೆಲಸ ಕಣ್ರಯ್ಯ. ವಾಸ ಮಾಡ್ತಾನೆ, ದುಡೀತಾನೆ, ವಿಶ್ರಾಂತಿ ತಗೋತಾನೆ, ಓಡಾಡ್ತಾನೆ. ನಾಲ್ಕಕ್ಕೂ ಬೇರೆ ಬೇರೆ ಜಾಗ ಮಾಡಿಕೊಟ್ರೆ ಮುಗೀತು, ಊರು ಸ್ವರ್ಗ," ಎನ್ನುತ್ತಿದ್ದರು. ನಮ್ಮ ತುಮಕೂರಿನ ಬೀದಿಗಳಲ್ಲಿ ಹೊಗೆ, ಚರಂಡಿ, ಎಮ್ಮೆ, ಗಿರಣಿ ಎಲ್ಲ ಒಂದರ ಮೇಲೊಂದು ಬಿದ್ದಿದ್ದ ಕಾಲ. ನಂಬದೆ ಇರಲು ಹೇಗೆ ಸಾಧ್ಯ? ನಾನಂತೂ ಮನಸಾರೆ ನಂಬಿದೆ.

ತರಬೇತಿಗೆಂದು ನಮ್ಮನ್ನು, ಪ್ಯಾರಿಸ್ಸಿನ ಆ ಕನಸು ಕಂಡವರೇ ಯೋಜಿಸಿದ ಚಂಡೀಗಢಕ್ಕೂ ಕಳಿಸಿದರು. ಅಷ್ಟು ನೇರವಾದ ರಸ್ತೆಯನ್ನು ನಾನು ಅಲ್ಲಿಯವರೆಗೆ ಸ್ಕೇಲಿನ ಅಂಚಿನಲ್ಲಿ ಮಾತ್ರ ನೋಡಿದ್ದೆ. ಮೂರನೆಯ ದಿನ ಬೆಳಿಗ್ಗೆ ಒಂದು ಮರದ ಕೆಳಗೆ ಕ್ಷೌರಿಕನೊಬ್ಬ ಕಾಂಡಕ್ಕೆ ಕನ್ನಡಿ ನೇತುಹಾಕಿ, ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಬಳಿ ಗಡ್ಡ ಮಾಡಿಸಿಕೊಂಡೆ. ನಮ್ಮನ್ನು ಸುತ್ತಾಡಿಸುತ್ತಿದ್ದ ಅಧಿಕಾರಿಯನ್ನು ಇವನ ಜಾಗ ಪ್ಲಾನಿನಲ್ಲಿ ಎಲ್ಲಿದೆ ಎಂದು ಕೇಳಿದೆ. ಅವರು ನಕ್ಕು, ಇವನು ಪ್ಲಾನಿನಲ್ಲಿ ಇಲ್ಲ ಎಂದರು. ನಾನೂ ನಕ್ಕೆ. ಕೆನ್ನೆ ಸವರಿಕೊಂಡು ಬಸ್ಸು ಹತ್ತಿದೆ.

ನೇರ ಗೆರೆಯ ಹುಚ್ಚು ಎಂಥದ್ದೆಂದು ತಿಳಿಯಲು ಕುಣಿಗಲ್ಲಿನ ಸಂಗತಿ ಕೇಳಿ. ಅಲ್ಲಿನ ಹಳೆಯ ಗ್ರಾಮ ನಕ್ಷೆಗಳು ಬಟ್ಟೆಗೆ ಅಂಟಿಸಿದವು, ಮಡಿಸಿ ಮಡಿಸಿ ಸವೆದವು. ಅಂಥ ಒಂದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ನಾನು ನಕಲು ತೆಗೆದೆ. ಮಸುಕಾದ ಒಂದು ಗೆರೆ ಕಂಡಿತು, ಬಂಡಿ ಜಾಡು ಇರಬೇಕೆಂದು ಚುಕ್ಕಿ ಚುಕ್ಕಿಯಾಗಿ ಎಳೆದೆ. ಸಾಹೇಬರು ನೋಡಿ, "ಆಹಾ, ಎಷ್ಟು ನೇರವಾಗಿದೆ ನೋಡ್ರಿ!" ಎಂದು ಸಂತೋಷಪಟ್ಟು ಅದನ್ನೇ ಅಗಲವಾದ ರಸ್ತೆ ಮಾಡಿಸಿದರು. ಪ್ಲಾನು ಮಂಜೂರಾತಿಗೆ ಬೆಂಗಳೂರಿಗೆ ಹೋದ ಮೇಲೆ ಸ್ಥಳಕ್ಕೆ ಹೋದರೆ, ರಾಗಿ ಹೊಲದಲ್ಲಿ ನಿಂತಿದ್ದ ಯಜಮಾನರು, "ನಮ್ಮಪ್ಪನ ಕಾಲದಿಂದ್ಲೂ ಇಲ್ಲಿ ದಾರಿ ಅನ್ನೋದೇ ಇಲ್ಲ ಸಾರ್," ಎಂದರು. ವಾಪಸು ಬಂದು ಮೂಲ ನಕ್ಷೆ ಬಿಚ್ಚಿ ನೋಡಿದೆ. ಅದು ದಾರಿಯಲ್ಲ, ಬಟ್ಟೆ ಮಡಿಸಿದ ಗುರುತು. ತುಟಿಪಿಟಕ್ಕೆನ್ನದೆ ನಕ್ಷೆಯನ್ನು ಮತ್ತೆ ಅದೇ ಮಡಿಕೆಗೆ ಮಡಿಸಿಟ್ಟೆ. ಈ ಕಥೆಯನ್ನು ನಾನು ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ತಪ್ಪು ಮಾಡಿ ಸುಮ್ಮನಿರುವುದು ಎಷ್ಟು ಸುಲಭ ಎಂದು ನಾನು ಕಲಿತದ್ದು ಅಲ್ಲೇ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಈಗ ತುಮಕೂರಿನ ಗುಂಡುತೋಪಿನ ವಿಷಯ. ಆಗ ಅದು ಊರಿನ ಅಂಚು. ಸರ್ಕಾರಿ ಜಾಗ, ನಲವತ್ತಕ್ಕೂ ಹೆಚ್ಚು ಹಳೆಯ ಹುಣಸೆ ಮರಗಳು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಸರ್ವೆಗೆ ಹೋದೆ. ದೂರದಿಂದಲೇ ಮರದ ಕೊಡತಿಯ ಸದ್ದು. ಪಕ್ಕದ ಬೀದಿಯ ಮೂವತ್ತು ಮೂವತ್ತೈದು ಹೆಂಗಸರು ಗುಂಪು ಗುಂಪಾಗಿ ಕೂತು, ಮಂಡಿಯಿಂದ ಬಂದ ಹುಣಸೆಹಣ್ಣಿನ ಸಿಪ್ಪೆ ಒಡೆದು, ನಾರು ತೆಗೆದು, ಬೀಜ ಬಿಡಿಸುತ್ತಿದ್ದರು. ಬಿಸಿಲಿದ್ದ ಕಡೆ ಹಣ್ಣು ಒಣಗುತ್ತಿತ್ತು, ನೆರಳಿದ್ದ ಕಡೆ ಇವರು. ಕೊಂಬೆಗಳಿಗೆ ಹಳೆಯ ಸೀರೆ ಕಟ್ಟಿದ ಜೋಲಿಗಳಲ್ಲಿ ಮಕ್ಕಳು ಮಲಗಿದ್ದವು. ಅವರ ಮನೆಗಳೋ ಒಂದೊಂದು ಕೋಣೆಯವು. ಒಳಗೆ ಕೂತು ಈ ಕೆಲಸ ಮಾಡಲು ಬಿಸಿಲೂ ಇಲ್ಲ, ಜಾಗವೂ ಇಲ್ಲ.

ಅವರಲ್ಲಿ ಪುಟ್ಟತಾಯಮ್ಮ ಎಂಬಾಕೆ ಮುಂದಾಳು. ನನಗಿಂತ ಐದಾರು ವರ್ಷಕ್ಕೆ ಚಿಕ್ಕವಳು, ದನಿ ಮಾತ್ರ ದೊಡ್ಡದು. ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟು ನನ್ನ ಹಾಳೆಯನ್ನು ಬಗ್ಗಿ ನೋಡಿದಳು.

"ಏನ್ ಸಾಮಿ, ಮಕ್ಳಂಗೆ ಬಣ್ಣ ಬಳ್ಕಂಡು ಕುಂತಿದೀರಲ್ಲ?"

"ಊರು ಮುಂದಕ್ಕೆ ಹೆಂಗಿರಬೇಕು ಅಂತ ಬರ್ಕೊಳ್ತಿದೀವಿ ಕಣಮ್ಮ."

"ಅಂಗಾದ್ರೆ ನಮ್ಮನ್ನೂ ವಸಿ ಬರ್ಕಳಿ. ನಾಕ್ ತಿಂಗ್ಳು ನಮ್ಗೆ ಇದೇ ಮನೆ, ಇದೇ ಕಾರ್ಖಾನೆ, ಇದೇ ತೊಟ್ಲು."

ನನ್ನ ಸರ್ವೆ ಪುಸ್ತಕದಲ್ಲಿ ಆ ಮಾತನ್ನು ಹಾಗೆಯೇ ಬರೆದುಕೊಂಡೆ. ಕಚೇರಿಗೆ ಬಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿಯಲ್ಲಿ ನಕ್ಷೆ ಎಳೆಯುವಾಗ ತೋಪಿಗೆ ಹಸಿರು ಹಾಕಿ, ಅದರ ಮೇಲೆ ನೇರಳೆ ಗೀರುಗಳನ್ನು ಎಳೆದೆ. ಮರವೂ ಇದೆ, ಕೆಲಸವೂ ಇದೆ ಎಂದು ತೋರಿಸಲು. ನನ್ನ ಇಡೀ ಸರ್ವಿಸ್ಸಿನಲ್ಲಿ ನಾನು ಎಳೆದ ನಿಜವಾದ ಗೆರೆ ಅದೊಂದೇ ಎಂದು ಈಗ ಅನ್ನಿಸುತ್ತದೆ.

ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಇದೇನ್ರಿ ಇದು, ಪಟ್ಟೆ ಪಟ್ಟೆ?"

"ಸರ್, ಅಲ್ಲಿ ಹೆಂಗಸ್ರು ಹುಣಸೆಹಣ್ಣು ಕುಟ್ತಾರೆ. ಬೀದಿಗೆ ಬೀದಿನೇ ಅದರಿಂದ ಬದುಕ್ತಿದೆ."

"ದುಡಿಯೋ ಜಾಗ ನೇರಳೆ, ವಿಶ್ರಾಂತಿ ಜಾಗ ಹಸಿರು. ಎರಡೂ ಅಂದ್ರೆ ಯಾವುದೂ ಅಲ್ಲ ಅಂತ ಅರ್ಥ. ನೇರಳೆ ಹಾಕಿದ್ರೆ ನಾಳೆ ಯಾರೋ ಬಂದು ಮರ ಕಡಿದು ಶೆಡ್ ಕಟ್ತಾನೆ. ನೀವು ಜಾಗ ನೋಡಿದೀರಿ, ನಿಮಗೇ ಬಿಟ್ಟಿದೀನಿ. ಒಂದು ಆರಿಸ್ಕೊಳ್ಳಿ." ಅವರೇ ಸೇರಿಸಿದರು: "ಆ ಹೆಂಗಸರ ವಿಷಯ ನಾಲ್ಕು ಸಾಲು ಟಿಪ್ಪಣಿ ಬರೆದು ಕೊಡಿ. ವರದಿಯಲ್ಲಿ ಸೇರಿಸೋಣ. ಅಷ್ಟಿದ್ರೆ ಮುಂದೆ ಯಾರೂ ಅವರನ್ನ ಎಬ್ಬಿಸೋಕಾಗಲ್ಲ."

ಇದನ್ನು ದಯವಿಟ್ಟು ಗಮನಿಸಿ. ಸಾಹೇಬರು ದಾರಿ ತೋರಿಸಿದ್ದರು. ಪರದೇಶದ ಯಾವ ವಾಸ್ತುಶಿಲ್ಪಿಯೂ ಬಂದು ನನ್ನ ಕೈ ಹಿಡಿದಿರಲಿಲ್ಲ.

ಬ್ಲೇಡು ತೆಗೆದುಕೊಂಡು ನೇರಳೆ ಗೀರುಗಳನ್ನು ಒಂದೊಂದಾಗಿ ಕೆರೆದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಶಾಯಿ ಪುಡಿಯಾಗಿ ಏಳುತ್ತದೆ, ಬಾಯಿಂದ ಊದಿದರೆ ಹೋಗುತ್ತದೆ. ಊದಿದೆ. ಅವತ್ತು ಶನಿವಾರ, ಹೆಬ್ಬೂರಿನ ಬಸ್ಸಿಗೆ ಹೊತ್ತಾಗಿತ್ತು. ಟಿಪ್ಪಣಿಯನ್ನು ಸೋಮವಾರ ಬರೆದರಾಯಿತು ಎಂದುಕೊಂಡೆ. ಸೋಮವಾರ ಇನ್ನೇನೋ ಬಂತು. ಆಮೇಲೆ ಮರೆತೆ ಎಂದು ಬರೆಯಬಹುದಿತ್ತು, ಆದರೆ ಮರೆತಿರಲಿಲ್ಲ. ದಿನಾ ನೆನಪಾಗುತ್ತಿತ್ತು, ದಿನಾ ನಾಳೆ ಎನ್ನುತ್ತಿದ್ದೆ. ವರದಿ ಅಚ್ಚಾಗಿ ಬಂದೇಬಿಟ್ಟಿತು.

ಕರಡು ನಕ್ಷೆಯನ್ನು ಕಚೇರಿಯ ಪಡಸಾಲೆಯಲ್ಲಿ ತೂಗುಹಾಕಿ, ಆಕ್ಷೇಪಣೆ ಇದ್ದವರು ಗಡುವಿನೊಳಗೆ ಬರೆದುಕೊಡಿ ಎಂದು ಪ್ರಕಟಣೆ ಕೊಡುವುದು ಕಾನೂನು. ಜಮೀನಿದ್ದವರು ವಕೀಲರ ಜೊತೆ ಬಂದು ಉದ್ದುದ್ದ ಅರ್ಜಿ ಕೊಟ್ಟರು, ಎಷ್ಟೋ ಗೆರೆಗಳು ಅಲುಗಾಡಿದವು. ಒಂದು ದಿನ ಪುಟ್ಟತಾಯಮ್ಮ ಇಬ್ಬರು ಹೆಂಗಸರ ಜೊತೆ ಬಂದಳು. ಯಾರೋ ಅರ್ಜಿ ಬರೆದುಕೊಟ್ಟಿದ್ದರು, ಕೈಯಲ್ಲಿ ಮಡಿಸಿಕೊಂಡಿದ್ದಳು. ನಕ್ಷೆಯ ಮುಂದೆ ನಿಂತು, "ಇದ್ರಾಗೆ ನಾವು ಎಲ್ಲಿದೀವಿ ಸಾಮಿ?" ಎಂದಳು.

ಹಸಿರಿನ ಮೇಲೆ ಬೆರಳಿಟ್ಟು ತೋರಿಸಿದೆ. "ಇದೇ ನಿಮ್ಮ ತೋಪು. ಹಸಿರು ಹಾಕಿದೀವಿ. ಯಾರೂ ಸೈಟ್ ಮಾಡೋಕಾಗಲ್ಲ."

"ನಮ್ಮನ್ನ ಬರ್ಕಂಡಿದೀರಾ? ನಾವು ಅಲ್ಲಿ ಕುಂತ್ಕತೀವಿ ಅಂತ?"

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆ ಅರ್ಜಿ ತೆಗೆದುಕೊಂಡು ಮುದ್ರೆ ಹೊಡೆದಿದ್ದರೂ ಸಾಕಿತ್ತು. ಆದರೆ ಹಾಗೆ ಮಾಡಿದರೆ ಸಾಹೇಬರು ಟಿಪ್ಪಣಿ ಎಲ್ಲಿ ಎಂದು ಕೇಳುತ್ತಾರೆ. ನಾನು ಬಾಯಿ ತುಂಬ ಹೇಳಿದೆ: "ಬರ್ಕೊಂಡಿದೀನಿ ಬಿಡಮ್ಮ. ಅರ್ಜಿ ಏನೂ ಬೇಕಾಗಿಲ್ಲ."

ಅವಳ ಮುಖ ಅರಳಿತು. ಜೊತೆಯವರ ಕಡೆ ತಿರುಗಿ, "ನಾನ್ ಹೇಳ್ಲಿಲ್ವೇನ್ರೇ, ನಮ್ ಮಜ್ಜಿಗೆ ಕುಡ್ದೋರು ಕಣ್ರೇ ಇವ್ರು," ಎಂದಳು. ಅರ್ಜಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಗಡುವು ಮುಗಿದ ಮೇಲೆ ಆಕ್ಷೇಪಣೆಗಳ ಪಟ್ಟಿಯಲ್ಲಿ ಆ ತೋಪಿನ ಸರ್ವೆ ನಂಬರಿನ ಮುಂದೆ 'ಯಾವುದೂ ಬಂದಿಲ್ಲ' ಎಂದು ಬರೆದವನೂ ನಾನೇ. ಅಕ್ಷರ ದುಂಡಗಿದೆ, ಬೇಕಿದ್ದರೆ ಕಡತ ತೆಗೆದು ನೋಡಿ.

ಕೆಲವು ವರ್ಷ ಏನೂ ಆಗಲಿಲ್ಲ. ಹೆಂಗಸರು ಕುಟ್ಟುತ್ತಲೇ ಇದ್ದರು, ನಾನು ಪಾರಾದೆ ಎಂದುಕೊಂಡೆ. ಆಮೇಲೆ ಸುತ್ತ ಹೊಸ ಬಡಾವಣೆ ಎದ್ದಿತು. ನಕ್ಷೆಯಲ್ಲಿ ಹಸಿರಿದ್ದದ್ದರಿಂದ ತೋಪು ಉದ್ಯಾನವಾಯಿತು. ಸುತ್ತ ಕಬ್ಬಿಣದ ಬೇಲಿ, ನಡಿಗೆಯ ಪಥ, ಅಣಬೆಯಾಕಾರದ ಸಿಮೆಂಟ್ ಕುರ್ಚಿಗಳು. ಬೆಳಿಗ್ಗೆ ಐದರಿಂದ ಒಂಬತ್ತು, ಸಂಜೆ ನಾಲ್ಕರಿಂದ ಎಂಟು ಎಂದು ಫಲಕ. ಉಳಿದ ಹೊತ್ತು ಬೀಗ. ಅವರಿಗೆ ತೋಪು ಬೇಕಾಗಿದ್ದದ್ದು ಸರಿಯಾಗಿ ಆ ಉಳಿದ ಹೊತ್ತಿನಲ್ಲೇ. ಆ ಬಿರುಬಿಸಿಲಲ್ಲಿ ಒಳಗೆ ನಲವತ್ತು ಮರಗಳ ನೆರಳು ಯಾರೂ ಇಲ್ಲದೆ ಬಿದ್ದಿರುತ್ತಿತ್ತು, ಹೊರಗೆ ರಸ್ತೆಯ ಅಂಚಿನಲ್ಲಿ ಅವರು ಕೂತಿರುತ್ತಿದ್ದರು. ಹಣ್ಣಿಗೆ ರಸ್ತೆಯ ಧೂಳು ಬಿದ್ದು ಮಂಡಿಯವರು ಬೇಡವೆಂದರು. ಮನೆಗಳ ಮುಂದೆ ಕೂತರೆ, ಸಿಪ್ಪೆಯ ಪುಡಿ ಹಾರುತ್ತದೆಂದು ಬಡಾವಣೆಯವರ ದೂರು. ಹಳದಿ ವಲಯದಲ್ಲಿ ಉದ್ದಿಮೆ ಮಾಡಬಾರದೆಂದು ನಮ್ಮ ಕಚೇರಿಯಿಂದಲೇ ನೋಟಿಸು ಹೋಯಿತು. ನಾನು ಸಹಿ ಹಾಕಲಿಲ್ಲ, ಅವತ್ತು ರಜೆ ಹಾಕಿದ್ದೆ. ಅದೂ ಒಂದು ಜಾಣತನ.

ಒಂದೆರಡು ವರ್ಷದೊಳಗೆ ಆ ಬೀದಿಯಲ್ಲಿ ಕೊಡತಿಯ ಸದ್ದು ನಿಂತಿತು. ಕೆಲವರು ಗಾರ್ಮೆಂಟ್ಸಿಗೆ ಹೋದರು, ಕೆಲವರು ಮನೆಗೆಲಸಕ್ಕೆ, ವಯಸ್ಸಾದವರು ಬಾಗಿಲಲ್ಲಿ ಕೂತರು.

ನಿವೃತ್ತನಾದ ಮೇಲೆ ನಾನು ಶೆಟ್ಟಿಹಳ್ಳಿಯ ಮನೆ ಬಿಟ್ಟು ಮಗಳ ಮನೆಗೆ ಬಂದೆ. ಅದು ಇದೇ ಬಡಾವಣೆಯಲ್ಲಿದೆ. ಸಕ್ಕರೆ ಕಾಯಿಲೆ, ಡಾಕ್ಟರು ದಿನಾ ನಡೆಯಿರಿ ಎಂದರು. ನಡೆಯಲು ಇರುವುದು ಒಂದೇ ಉದ್ಯಾನ. ಮೊದಲ ದಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದವಳು ಪುಟ್ಟತಾಯಮ್ಮ. ಗುತ್ತಿಗೆದಾರನ ಕೈಕೆಳಗೆ ಕಸ ಗುಡಿಸುವ ಕೆಲಸ, ಬಾಗಿಲಿನ ಬೀಗದ ಕೈಯೂ ಅವಳದೇ ಸೊಂಟದಲ್ಲಿ. ಕೂದಲು ಬೆಳ್ಳಗಾಗಿತ್ತು. ಅವಳೇ ಗುರುತು ಹಿಡಿದಳು.

"ಬಣ್ಣದ್ ಸಾಮಿ ಅಲ್ವರಾ? ಚೆಂದಾಗಿದೀರಾ?" ಜೊತೆಗೆ ನಡೆಯುತ್ತಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: "ಇವ್ರು ಒಳ್ಳೇರು. ನಮ್ಮನ್ನ ಬರ್ಕಂಡಿದ್ರು. ಮೇಲಿನೋರು ಅಳಿಸಾಕ್ಬುಟ್ರು."

ನಾನು ತಲೆ ಆಡಿಸಿದೆ. ಹೌದು ಎಂದೋ ಇಲ್ಲ ಎಂದೋ ಗೊತ್ತಾಗದ ಹಾಗೆ. ಆರು ವರ್ಷ ದಿನಾ ಬೆಳಿಗ್ಗೆ ಅವಳ ನಮಸ್ಕಾರ ತೆಗೆದುಕೊಂಡು, ಅವಳು ಗುಡಿಸಿದ ಪಥದ ಮೇಲೆ ನಡೆದೆ. ಸೀಸನ್ನಿನಲ್ಲಿ ಉದುರಿದ ಹುಣಸೆಹಣ್ಣನ್ನು ಅವಳು ಕಸದ ಜೊತೆ ಗುಡಿಸಿ ಗಾಡಿಗೆ ತುಂಬುವುದನ್ನು ನೋಡಿಕೊಂಡು ನಡೆದೆ.

ಹೋದ ತಿಂಗಳು ಕಚೇರಿಯಲ್ಲಿ ಮಾತಾಡಿ ಆ ಶಾಲು ಹೊದ್ದುಕೊಂಡು ಬಂದ ಮಾರನೆಯ ಬೆಳಿಗ್ಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲು ಹಾಕುವ ಹೊತ್ತು, ಜನ ಚದುರಿದ್ದರು. ಅವಳನ್ನು ಸಿಮೆಂಟಿನ ಕುರ್ಚಿಯ ಮೇಲೆ ಕೂರಲು ಹೇಳಿದೆ, ಕೂರಲಿಲ್ಲ. ನಿಂತೇ ಕೇಳಿದಳು. ಬ್ಲೇಡಿನ ವಿಷಯ, ಟಿಪ್ಪಣಿಯ ವಿಷಯ, ಪಡಸಾಲೆಯಲ್ಲಿ ಹೇಳಿದ ಸುಳ್ಳು, ಎಲ್ಲ ಹೇಳಿದೆ. ಮೇಲಿನವರು ಯಾರೂ ಅಳಿಸಲಿಲ್ಲ, ಅಳಿಸಿದವನು ನಾನು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದರೆ ಹಗುರವಾಗುತ್ತದೆ ಎಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ.

ಅವಳು ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸರಿ ಮಾಡಿದಳು.

"ಅವತ್ತು ನಾನ್ ವಾಪಸ್ ಬಂದ್ಮ್ಯಾಲೂ ಅರ್ಜಿ ಕೊಡಾದೇ ಸರಿ ಅಂತ ನಮ್ಮೋರೆಲ್ಲ ಕುಣುದ್ರು ಸಾಮಿ. ಬ್ಯಾಡ ಅಂದೋಳು ನಾನು. ಅವ್ರು ಬರ್ಕಂಡವ್ರೆ, ನನ್ ಕಣ್ಣಾರೆ ನೋಡಿದೀನಿ ಅಂದೆ." ದನಿ ಇಳಿಯಿತು. "ಬೇಲಿ ಹಾಕ್ದಾಗ ಎಲ್ರೂ ನನ್ನೇ ಬೈದ್ರು. ನಮ್ ಚಿಕ್ಕವ್ವನ ಮಗಳು ಇವತ್ಗೂ ಮಾತಾಡ್ಸಲ್ಲ. ಬೈಯ್ಲಿ ಬುಡು, ನಾನ್ ಹೇಳಿದ್ದು ಸುಳ್ಳಲ್ವಲ್ಲ ಅಂತ ಇದ್ದೆ. ಈಗ ಅದೂ ಸುಳ್ಳಾಯ್ತಲ್ಲ ಸಾಮಿ."

ನನ್ನ ಎದೆಯ ಭಾರ ಇಳಿಸಿಕೊಳ್ಳಲು ಹೋಗಿ, ಅವಳಿಗೆ ಉಳಿದಿದ್ದ ಒಂದು ಆಸರೆಯನ್ನೂ ಕಿತ್ತುಕೊಂಡಿದ್ದೆ. ಕೈ ಮುಗಿದೆ. ಅವಳು ಅದನ್ನು ನೋಡಲಿಲ್ಲ. ಸೊಂಟದಿಂದ ಬೀಗದ ಕೈ ತೆಗೆದಳು.

"ನನ್ ಮುಂದೆ ಕೈ ಮುಗುದ್ರೆ ಏನ್ ಬಂತು? ನಮ್ ಬೀದಿಗೆ ಬನ್ನಿ. ಇವಳ್ದು ತಪ್ಪಿಲ್ಲ, ಸುಳ್ ಹೇಳ್ದೋನು ನಾನು ಅಂತ ಅವ್ರ ಮುಂದೆ ಹೇಳಿ. ಇರೋರು ಇನ್ನ ಹತ್ತು ಹನ್ನೆರಡು ಜನ. ಈಗ ಆಚೆ ನಡೀರಿ, ಒಂಬತ್ತಾಯ್ತು."

ಹೊರಗೆ ಬಂದೆ. ಅವಳು ಒಳಗಿನಿಂದ ಕೈ ಚಾಚಿ ಬೀಗ ಹಾಕಿದಳು. ಅಂದಿನಿಂದ ನಮಸ್ಕಾರ ನಿಂತಿದೆ.

ಹೊಸದಾಗಿ ಸೇರಿರುವ ಮಕ್ಕಳೇ, ನಿಮಗೆ ಡ್ರೋನ್ ಇದೆ, ನನಗಿಂತ ನೂರು ಪಾಲು ಚೆನ್ನಾಗಿ ಮೇಲಿನಿಂದ ನೋಡುತ್ತೀರಿ. ಆದರ್ಶ ನಗರದ ಚಿತ್ರಗಳನ್ನೂ ನೋಡಿ, ಅವು ನಿಜಕ್ಕೂ ಸುಂದರ. ಆದರೆ ಯಾರಿಗಾದರೂ ಬರೆದುಕೊಂಡಿದ್ದೇನೆ ಎಂದು ಹೇಳಿದರೆ, ಬಸ್ಸು ಹೋದರೂ ಹೋಗಲಿ, ಬರೆದೇ ಎದ್ದೇಳಿ. ನನ್ನ ನಲವತ್ತು ವರ್ಷದ ಅನುಭವದಲ್ಲಿ ನಿಮಗೆ ಕೊಡಲು ಇರುವುದು ಇಷ್ಟೇ.

ಉದ್ಯಾನದ ಬಾಗಿಲಿನಿಂದ ಆ ಬೀದಿಗೆ ಇನ್ನೂರು ಹೆಜ್ಜೆಯೂ ಇಲ್ಲ. ನಾಳೆ ಹೋಗುತ್ತೇನೆ ಎಂದು ಮೂರು ವಾರದಿಂದ ಹೇಳಿಕೊಳ್ಳುತ್ತಿದ್ದೇನೆ. ಅಲ್ಲಿಗೆ ಹೋಗುವ ಬದಲು ಮೇಜಿನ ಮುಂದೆ ಕೂತು, ಆ ಹೆಂಗಸರು ಯಾರೂ ಓದದ ಇದನ್ನು ಬರೆದು ಮುಗಿಸಿದ್ದೇನೆ.